ಎಲೆ ಸಿಕ್ಕಿದರೆ ಹೇಳಿ

ಸಿಂಗಾಪುರದ ನಮ್ಮ ಕನ್ನಡ ಸುದ್ದಿಪತ್ರದ ಈ ಸಂಚಿಕೆ ಹೋದ ಭಾನುವಾರವೇ ನಿಮ್ಮ ಕೈ ಸೇರಬೇಕಿತ್ತು. ಪುಟ ಕಟ್ಟುವ ಹುಡುಗ "ಅಕ್ಕಾ, ಎಲ್ಲ ಆಯ್ತು, ನಿಮ್ಮ ಪುಟ ಒಂದೇ ಖಾಲಿ" ಎಂದು ಮೂರನೇ ಸಲ ಮೆಸೇಜು ಹಾಕಿದ್ದಾನೆ. ರಾತ್ರಿ ಹನ್ನೊಂದೂವರೆ. ಕೆಳಗಿನ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ತಂದ ಕೊಪಿ, ಅಂದರೆ ಇಲ್ಲಿನ ಕಾಫಿ, ಕಿಟಕಿಯ ಹಿಡಿಗೆ ನೇತಾಡುತ್ತಿದೆ. ಅದು ಮುಗಿಯುವುದರೊಳಗೆ ಸಂಪಾದಕೀಯವೂ ಮುಗಿಯಬೇಕು.

ಕಾರ್ಯಕಾರಿ ಸಮಿತಿಯ ಅಪ್ಪಣೆ ಸರಳವಾಗಿಯೇ ಇತ್ತು. ಈ ವರ್ಷ ಊರಿಂದ ಹೊಸಬರು ಬಹಳ ಬಂದಿದ್ದಾರೆ, ಸಿಂಗಾಪುರದಲ್ಲಿ ಎಲ್ಲಿ ಏನು ತಿನ್ನಬಹುದು ಅಂತ ಒಂದು ಪುಟ ಬರೀರಿ. ಅದೇನು ಮಹಾ ಎಂದು ಕೂತೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸ್. 2013ರಲ್ಲಿ ಬಂದ ನಮ್ಮ ಎಂಟಿಆರ್, ಅದರ ರವೆ ಇಡ್ಲಿ. ಟೆಕ್ಕಾ ಮಾರ್ಕೆಟ್ಟಿನ ಅಂಗಡಿಗಳು. ನಾಲ್ಕು ಸಾಲಿಗೆ ಪಟ್ಟಿ ಮುಗಿಯಿತು. ಇಳಿದ ವಾರದೊಳಗೆ ಇದನ್ನು ಪತ್ತೆ ಹಚ್ಚದ ಕನ್ನಡಿಗ ಇಲ್ಲ, ಇದಕ್ಕೆ ಸುದ್ದಿಪತ್ರ ಯಾಕೆ ಬೇಕು?

ನನ್ನ ಮಗಳು, ಏಳು ವರ್ಷದವಳು, ಹೆಗಲ ಮೇಲಿಂದ ಬಗ್ಗಿ ಅಕ್ಷರ ಕೂಡಿಸಿ ಓದಿದಳು. (ಕನ್ನಡ ತರಗತಿಯ ಶಿಕ್ಷಕಿಯರಿಗೆ ಇಲ್ಲಿಂದಲೇ ನಮಸ್ಕಾರ.) ಓದಿ ಮುಗಿಸಿ, "ಅಮ್ಮಾ, ಇದೆಲ್ಲ ನಿಮ್ಮ ಊರಿನ ತಿಂಡಿ. ನಮ್ಮ ಊರಿನದ್ದು ಎಲ್ಲಿ?" ಅಂದಳು.

ಅವಳ ಊರಿನದ್ದು ಅಂದರೆ ನಮ್ಮ ಬ್ಲಾಕಿನ ಕೆಳಗಿನ ಹಾಕರ್ ಸೆಂಟರಿನದ್ದು. ಹಾಗಾಗಿ ಪಟ್ಟಿ ಅಳಿಸಿ ಮತ್ತೆ ಶುರು ಮಾಡುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ಈ ಸಾಲು ಸಾಲು ಅಂಗಡಿಗಳು ಮೊದಲು ರಸ್ತೆ ಬದಿಯ ಗಾಡಿಗಳೇ ಆಗಿದ್ದವು. 1968–69ರಲ್ಲಿ ಸರ್ಕಾರ ಲೆಕ್ಕ ಹಿಡಿದಾಗ ಸುಮಾರು 24,000 ಮಂದಿ ಬೀದಿ ವ್ಯಾಪಾರಿಗಳು ಸಿಕ್ಕಿದರಂತೆ. ಚರಂಡಿ ನೀರು, ಇಲಿ, ಟ್ರಾಫಿಕ್ಕು ಎಲ್ಲದರ ರಗಳೆ. 1971ರಿಂದ 1986ರ ನಡುವೆ ನಲ್ಲಿ, ಚರಂಡಿ, ಸೂರು ಇರುವ ಕಟ್ಟಡಗಳನ್ನು ಕಟ್ಟಿ ಅವರನ್ನೆಲ್ಲ ಒಳಗೆ ತಂದರು. ಈಗ ಇಂಥವು ನೂರಕ್ಕೂ ಮಿಕ್ಕಿ ಇವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಕೂಡ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಮೇಜಿನ ಮೇಲೆ ಒಂಟಿ ಟಿಶ್ಯೂ ಪ್ಯಾಕೆಟ್ಟು ಕಂಡರೆ ಯಾರೋ ಮರೆತಿದ್ದಾರೆ ಅಂತ ಎತ್ತಿಕೊಳ್ಳಬೇಡಿ, ಅದು ಸೀಟು ಹಿಡಿದಿಟ್ಟ ಗುರುತು. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲು ಎಸೆಯುವುದಿಲ್ಲವೇ, ಅದೇ. ಇಲ್ಲಿ ಅದಕ್ಕೆ 'ಚೋಪ್' ಅನ್ನುತ್ತಾರೆ. ಉಂಡಾದ ಮೇಲೆ ತಟ್ಟೆ ನೀವೇ ಒಯ್ದು ಇಡಬೇಕು. 2021ರ ಸೆಪ್ಟೆಂಬರಿನಿಂದ ಅದು ಕಾನೂನು.

ನಾನು ಬಂದ ಹೊಸದರಲ್ಲಿ ಇದು ಯಾವುದೂ ಗೊತ್ತಿರಲಿಲ್ಲ. ಬಂದ ಮೂರನೇ ದಿನ ಬೆಳಿಗ್ಗೆ ಕೆಳಗಿಳಿದು, ಇಂಗ್ಲಿಷಿನಲ್ಲಿ ಉದ್ದಕ್ಕೆ, ಒಂದು ಕಾಫಿ, ಹಾಲು ಹಾಕಿ, ಆದರೆ ಆ ಡಬ್ಬಿಯ ಸಿಹಿ ಹಾಲು ಬೇಡ, ಸಕ್ಕರೆ ಸ್ವಲ್ಪ ಕಡಿಮೆ, ದಯವಿಟ್ಟು ಅಂತೆಲ್ಲ ಹೇಳಿದೆ. ಅಂಗಡಿಯ ಆಂಟಿ ನನ್ನ ಮುಖ ಕೂಡ ನೋಡದೆ ಹಿಂದಕ್ಕೆ ಕೂಗಿದಳು: "ಕೊಪಿ ಸಿ ಸ್ಯೂ ದಾಯ್!" ನನ್ನ ಅರ್ಜಿಯೆಲ್ಲ ನಾಲ್ಕು ಮಾತಿಗೆ ಇಳಿದಿತ್ತು. ಬರೀ ಕೊಪಿ ಅಂದರೆ ಸಿಹಿ ಗಟ್ಟಿಹಾಲಿನದ್ದು. 'ಒ' ಅಂದರೆ ಹಾಲಿಲ್ಲದ ಕರಿ ಕಾಫಿ. 'ಸಿ' ಅಂದರೆ ಸಿಹಿಯಿಲ್ಲದ ಡಬ್ಬಿ ಹಾಲು. 'ಸ್ಯೂ ದಾಯ್' ಅಂದರೆ ಸಕ್ಕರೆ ಕಮ್ಮಿ. 'ಕೊಸೊಂಗ್' ಅಂದರೆ ಸಕ್ಕರೆಯೇ ಬೇಡ, ಮಲಯದಲ್ಲಿ ಖಾಲಿ ಅಂತ ಅರ್ಥ. 'ಗಾವ್' ಅಂದರೆ ಸ್ಟ್ರಾಂಗು, 'ಪೆಂಗ್' ಅಂದರೆ ಐಸು. ಹೊಕ್ಕಿಯೆನ್ ಎಂಬ ಚೀನೀ ಮಾತು ಒಂದು, ಮಲಯ ಒಂದು, ಎಲ್ಲ ಕೂಡಿಸಿ ಒಂದೇ ಉಸಿರಿಗೆ. ನಮ್ಮ ದರ್ಶಿನಿಯಲ್ಲಿ "ಎರಡ್ ಬೈ ಮೂರು, ಒಂದು ಸ್ಟ್ರಾಂಗು, ಒಂದು ಸಕ್ಕರೆ ಕಮ್ಮಿ" ಅನ್ನುವವರಿಗೆ ಇದು ಕಷ್ಟವಾಗಬಾರದು. ರುಚಿ ಬೇರೆ, ಅದನ್ನು ಒಪ್ಪಿಕೊಳ್ಳೋಣ. ಬೀಜವನ್ನು ಸಕ್ಕರೆ, ಬೆಣ್ಣೆಯಂಥ ಕೊಬ್ಬು ಹಾಕಿ ಕಪ್ಪಾಗುವವರೆಗೆ ಹುರಿಯುತ್ತಾರೆ, ಕಾಲುಚೀಲದಂಥ ಉದ್ದ ಬಟ್ಟೆಯಲ್ಲಿ ಸೋಸುತ್ತಾರೆ. ಚಿಕ್ಕಮಗಳೂರಿನವರು ಮೊದಲ ಗುಟುಕಿಗೆ ಮುಖ ಸಿಂಡರಿಸುತ್ತಾರೆ. ಆರು ತಿಂಗಳು ಕಳೆಯಲಿ, ಊರಿಗೆ ಹೋದಾಗ ಫಿಲ್ಟರ್ ಕಾಫಿ ನೀರು ನೀರು ಅನ್ನುವವರೂ ಅವರೇ.

ಸಸ್ಯಾಹಾರಿಗಳ ಗೋಳು ನನಗೆ ಗೊತ್ತಿದೆ, ಮೈಸೂರಿನವರನ್ನು ಕಟ್ಟಿಕೊಂಡಿದ್ದೇನೆ. ನಮ್ಮ ಮನೆಯವರು ಒಮ್ಮೆ ಬರೀ ಸೊಪ್ಪಿನ ಪಲ್ಯ ಅಂತ ಖುಷಿಯಲ್ಲಿ ತಿಂದದ್ದು ಬೆಲಾಚಾನ್ ಹಾಕಿ ಹುರಿದ ಕಾಂಗ್‌ಕಾಂಗ್. ಬೆಲಾಚಾನ್ ಅಂದರೆ ಸಿಗಡಿಯನ್ನು ಕೊಳೆಸಿ ಒಣಗಿಸಿ ಮಾಡಿದ ಗಟ್ಟಿ. ಹಣ್ಣಿನ ಚೂರುಗಳ ರೊಜಾಕಿಗೂ ಸಿಗಡಿಯ ಕರಿ ಪಾಕ ಬೀಳುತ್ತದೆ, ಕೇಳಿ ತಿನ್ನಿ. ಕಾಯಾ ಟೋಸ್ಟಿನ ಮೇಲೆ ಜಾಮಿನ ಹಾಗೆ ಸವರುವ ಕಾಯಾಕ್ಕೂ ನಮ್ಮ ತೆಂಗಿನಕಾಯಿಗೂ ಹೆಸರಿನ ನಂಟೇನಿಲ್ಲ, ತೆಂಗಿನ ಹಾಲಿದ್ದರೂ ಅದರಲ್ಲಿ ಮೊಟ್ಟೆ ಇದೆ. ಚೀನೀ ಸಸ್ಯಾಹಾರಿ ಅಂಗಡಿಯಲ್ಲಿ ಬಾತುಕೋಳಿಯಂತೆ ಕಾಣುವುದು ಗೋಧಿಯ ಅಂಟಿನದ್ದು, ಹೆದರಬೇಡಿ. ನಮ್ಮ ಮನೆಯವರು ಹದಿನಾಲ್ಕು ವರ್ಷವಾದರೂ ಹೆದರುತ್ತಾರೆ, ಆ ಮಾತು ಬೇರೆ.

ನಾನು ಕುಂದಾಪುರದ ಕಡೆಯವಳು. ನನಗೆ ಈ ಊರು ಮೊದಲು ಸಿಕ್ಕಿದ್ದು ಮೀನಿನ ದಾರಿಯಿಂದ. ನ್ಯೂಟನ್ ಫುಡ್ ಸೆಂಟರಿನಲ್ಲಿ ಬಾಳೆಲೆಯ ಮೇಲೆ ಸಂಬಾಲ್ ಅನ್ನುವ ಕೆಂಪು ಮೆಣಸಿನ ಮಸಾಲೆ ಮೆತ್ತಿ ಸುಟ್ಟ ಮೀನು ತಂದಿಟ್ಟರು. ಸ್ಟಿಂಗ್‌ರೇ ಅಂತ ಹೆಸರು. ಫೋರ್ಕಿನಲ್ಲಿ ಎತ್ತಿದರೆ ಎಳೆ ಎಳೆಯಾಗಿ ಬಿಟ್ಟುಕೊಂಡಿತು, ನಡುವೆ ಮೆತ್ತನೆಯ ಎಲುಬು. "ಅಯ್ಯೋ, ತೊರಕೆ!" ಅಂತ ಜೋರಾಗಿಯೇ ಅಂದುಬಿಟ್ಟೆ. ಊರಲ್ಲಿ ಅದಕ್ಕೆ ಅಷ್ಟು ಮರ್ಯಾದೆ ಕೊಟ್ಟದ್ದು ನಾನು ಕಂಡಿರಲಿಲ್ಲ. ಇನ್ನು ಮೀನಿನ ತಲೆಯ ಸಾರು 1949ರ ಸುಮಾರಿಗೆ ಕೇರಳದಿಂದ ಬಂದ ಗೋಮೆಜ್ ಎಂಬವರು ಇಲ್ಲಿ ಶುರು ಮಾಡಿದ್ದು. ಚೀನೀಯರಿಗೆ ಮೀನಿನ ತಲೆ ಇಷ್ಟ, ಇವರಿಗೆ ಸಾರು ಗೊತ್ತು. ಹಾಗೆ ನೋಡಿದರೆ ಅದು ಕೇರಳದ್ದೂ ಅಲ್ಲ, ಚೀನಾದ್ದೂ ಅಲ್ಲ.

ಆದರೆ ನಾನು ಬರೆಯಬೇಕೆಂದು ಕೂತದ್ದು ಎಲೆಯ ವಿಷಯ.

ಬಂದ ಮೊದಲ ವರ್ಷ, ಆಗಸ್ಟ್. ಬೆಳಗಿನ ಆರೂವರೆಗೆ ಕೆಲಸಕ್ಕೆ ಹೊರಟವಳು ನಾಸಿ ಲೆಮಾಕ್ ಅಂಗಡಿಯ ಎದುರು ನಿಂತುಬಿಟ್ಟೆ. ತೆಂಗಿನ ಹಾಲಿನಲ್ಲಿ ಬೆಂದ ಅನ್ನದ ಹಂಡೆಯ ಮುಚ್ಚಳ ಆಗಷ್ಟೇ ತೆಗೆದಿದ್ದರು. ಅನ್ನದ ಮೇಲೆ ಗಂಟು ಹಾಕಿದ ಒಂದು ಹಸಿರು ಎಲೆ. ಆ ಹಬೆ ಮುಖಕ್ಕೆ ಬಡಿದದ್ದೇ, ನಾನು ಅಮ್ಮಮ್ಮನ ಅಡುಗೆಮನೆಯಲ್ಲಿದ್ದೆ.

ಅಷ್ಟಮಿಗೆ ಎರಡು ದಿನ ಮೊದಲೇ ಮಾವ ಕತ್ತಿ ಹಿಡಿದು ತೋಡಿನ ಬದಿಗೆ ಹೋಗುತ್ತಿದ್ದರು. ಮಳೆ ಬಿಟ್ಟೂ ಬಿಡದ ಹಾಗೆ ಸುರಿಯುತ್ತಿರುತ್ತಿತ್ತು. ಮುಂಡುಕ ಅಂದರೆ ಕೇದಿಗೆ ಜಾತಿಯ ಮುಳ್ಳುಗಿಡ. ಅದರ ಹಿಂಡಿಲಿನೊಳಗೆ ಕೈ ಹಾಕುವುದು ಸುಲಭವಲ್ಲ, ಓಲೆಯ ಎರಡು ಅಂಚಿಗೂ ಮುಳ್ಳು, ಬೆನ್ನಿನ ನಡುಗೆರೆಗೂ ಮುಳ್ಳು. ಕಟ್ಟು ತಂದು ಚಾವಡಿಯಲ್ಲಿ ಹಾಕಿದರೆ ಮುಳ್ಳು ಸೀಳುವ ಕೆಲಸ ಹೆಂಗಸರದು. ನಾನೂ ಕೈ ಹಾಕಿದರೆ ಅಮ್ಮಮ್ಮ, "ಮುಳ್ಳ್ ಹೆಟ್ಟತ್ ಕಾಣ್ ಮಗಾ" ಅನ್ನುವರು. ಅಂದು ಮುಗಿಯುವುದರೊಳಗೆ ಹೆಟ್ಟಿ ಆಗಿರುತ್ತಿತ್ತು. ಮುಳ್ಳು ತೆಗೆದ ಓಲೆಯನ್ನು ಒಲೆಯ ಕೆಂಡದ ಮೇಲೆ ಸರ್ರನೆ ಎಳೆಯಬೇಕು. ಗಡುಸು ಓಲೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ, ಆಗಲೇ ಆ ವಾಸನೆ ಏಳುವುದು. ಆಮೇಲೆ ಸುರುಳಿ ಸುತ್ತಿ ಕೊಳವೆ ಮಾಡುವುದು, ತೆಂಗಿನ ಗರಿಯ ಕಡ್ಡಿ ಚುಚ್ಚುವುದು, ಅಡಿ ಮುಚ್ಚುವುದು. ಅಮ್ಮಮ್ಮ ಕಟ್ಟಿದ ಕೊಟ್ಟೆಯಲ್ಲಿ ನೀರು ಹೊಯ್ದರೂ ಸೋರುತ್ತಿರಲಿಲ್ಲ. ನಾನು ಕಟ್ಟಿದ್ದನ್ನು ಅವರು ಏನೂ ಅನ್ನದೆ ಪಕ್ಕಕ್ಕಿಟ್ಟು, ನಾನು ಆಚೆ ಹೋದ ಮೇಲೆ ಬಿಚ್ಚಿ ಕಟ್ಟುತ್ತಿದ್ದರು. ಇದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ.

ಉದ್ದು, ಅಕ್ಕಿ ತರಿಯ ಹಿಟ್ಟು ಹೊಯ್ದು ಹಬೆಯಲ್ಲಿಟ್ಟರೆ ಮೂಡೆ. ಅಷ್ಟಮಿಯ ದಿನ ಉಪವಾಸ, ನಡುರಾತ್ರಿ ಕೃಷ್ಣನಿಗೆ ಅರ್ಘ್ಯ ಬಿಡುವ ತನಕ ಮಕ್ಕಳೂ ಅದನ್ನು ಮುಟ್ಟುವ ಹಾಗಿಲ್ಲ. ವಾಸನೆ ಮಾತ್ರ ಇಡೀ ಮನೆ ತುಂಬಿರುತ್ತಿತ್ತು. ಮಾರನೇ ದಿನ ಸುರುಳಿ ಬಿಚ್ಚುತ್ತಾ ಬಿಚ್ಚುತ್ತಾ ತಿನ್ನುವುದು. ಹಿಟ್ಟಿನ ಮೈಮೇಲೆ ಓಲೆಯ ಗೆರೆ ಗೆರೆ ಅಚ್ಚು, ತಿಳಿ ಹಸಿರು. ನಮ್ಮ ಮನೆಯವರು ಮದುವೆಯಾದ ಹೊಸದರಲ್ಲಿ ಅದನ್ನು ನೋಡಿ, "ಇಡ್ಲಿಗೆ ಎಲೆ ಸುತ್ತಿದ್ದೀರಿ, ಅಷ್ಟೇ ತಾನೇ?" ಅಂದರು. ಆ ಮಾತನ್ನು ನಮ್ಮ ಮನೆಯಲ್ಲಿ ಇನ್ನೂ ಯಾರೂ ಮರೆತಿಲ್ಲ.

ನಾಸಿ ಲೆಮಾಕಿನ ಗಂಟು ಹಾಕಿದ ಎಲೆ ಪಾಂಡಾನ್. ನಮ್ಮ ಕೇದಿಗೆ, ಮುಂಡುಕದ ದಾಯಾದಿಯೇ. ಮುಳ್ಳಿಲ್ಲದ, ಸಾಧು ದಾಯಾದಿ. ಇಲ್ಲಿ ಅದಿಲ್ಲದೆ ಏನೂ ನಡೆಯುವುದಿಲ್ಲ. ಕಾಯಾಕ್ಕೆ, ಕೇಕಿಗೆ, ಕೋಳಿ ಅನ್ನಕ್ಕೆ. ಓಂಡೆ ಓಂಡೆ ಅಂತ ಹಸಿರು ಉಂಡೆ ಇದೆ, ಹೊರಗೆ ಕಾಯಿತುರಿ, ಕಚ್ಚಿದರೆ ಒಳಗಿಂದ ತೆಂಗಿನ ನೀರಾದ ಬೆಲ್ಲದ ಪಾಕ ಚಿಮ್ಮುತ್ತದೆ. ಬಿಳಿ ಅಂಗಿ ಹಾಕಿಕೊಂಡು ತಿನ್ನಬೇಡಿ. ಹರಿ ರಾಯಾ (ಈದ್) ಹಬ್ಬಕ್ಕೆ ಮಲಯ ನೆರೆಯವರು ತೆಂಗಿನ ಎಳೆ ಗರಿ ಹೆಣೆದ ಚೀಲದಲ್ಲಿ ಅಕ್ಕಿ ಬೇಯಿಸಿದ ಕೆಟುಪಾಟ್ ಕೊಡುತ್ತಾರೆ. ಅದನ್ನು ಅಮ್ಮಮ್ಮನಿಗೆ ತೋರಿಸಿದ್ದರೆ ಹೆಣಿಗೆಯಲ್ಲಿ ತಪ್ಪು ಹುಡುಕುತ್ತಿದ್ದರು, ಅಷ್ಟೇ. ತಿಂಡಿ ಯಾವುದೆಂದು ಕೇಳುತ್ತಿರಲಿಲ್ಲ.

ಈ ಜೂನ್ ರಜೆಯಲ್ಲಿ ಊರಿಗೆ ಹೋಗಿದ್ದೆವು. ಅಮ್ಮಮ್ಮ ಈಗಿಲ್ಲ. ನನ್ನ ಅಮ್ಮ ಮೊಮ್ಮಗಳಿಗಾಗಿ, ಹಬ್ಬವಲ್ಲದ ದಿನವೂ, ಮೂಡೆ ಮಾಡಿದ್ದಳು. ಮಗಳು ಒಂದು ಸುತ್ತು ಬಿಚ್ಚಿದಳು, ಮೂಗಿಗೆ ಹಿಡಿದಳು, ಮುಖ ಅರಳಿತು. "ಅಮ್ಮಾ, ನಮ್ಮ ಊರಿನ ವಾಸನೆ!" ಅಂದಳು.

ಅಮ್ಮನ ಕಣ್ಣು ತುಂಬಿಬಂತು. ಮಗು ಎಲ್ಲೇ ಹುಟ್ಟಲಿ, ಬೇರು ಇಲ್ಲೇ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿದಳು, ಫೋನು ಮಾಡಿ ಹೇಳಿದಳು. ಮಗಳು ಹೇಳಿದ್ದು ಯಾವ ಊರು ಅಂತ ನನಗೆ ಗೊತ್ತಿತ್ತು. ನಾನು ತಿದ್ದಲಿಲ್ಲ.

ಅಲ್ಲಿಂದ ಬಂದ ಮೇಲೆ ಪಾಂಡಾನ್ ಎಲೆಯಲ್ಲೇ ಮೂಡೆ ಕಟ್ಟಿ ನೋಡಿದೆ. ಎಲೆ ಎರಡು ಬೆರಳಗಲ, ಎಷ್ಟು ಸುತ್ತಿದರೂ ಸಂದಿ. ಹಬೆಗಿಟ್ಟ ಹತ್ತು ನಿಮಿಷಕ್ಕೆ ಹಿಟ್ಟೆಲ್ಲ ಕುಕ್ಕರಿನ ತಳದಲ್ಲಿ. ಮಗಳು ಚಮಚದಲ್ಲಿ ಕೆರೆದು ತಿಂದು ಚೆನ್ನಾಗಿದೆ ಅಂದಳು. ಅವಳಪ್ಪ, "ಈಗ ಎಲೆಯೂ ಇಲ್ಲ, ಇಡ್ಲಿಯೂ ಅಲ್ಲ" ಅಂದರು.

ಕೊಪಿ ಮುಗಿಯಿತು. ಪ್ರಕಟಣೆಗಳು, ಓಡುತ್ತಾ: ಚೌತಿ ಊಟಕ್ಕೆ ಹೆಸರು ಕೊಡಲು ಈ ಶುಕ್ರವಾರ ಕೊನೆ. "ನಾವು ನಾಲ್ವರು, ಬಹುಶಃ ಏಳು" ಎಂದು ಬರೆಯಬೇಡಿ, ಅಡುಗೆಯವರು ಅಳುತ್ತಾರೆ. ಊಟಕ್ಕೆ ತಟ್ಟೆ ಲೋಟ ಮನೆಯಿಂದ ತನ್ನಿ. ಮಕ್ಕಳ ಕನ್ನಡ ತರಗತಿ ರಜೆ ಮುಗಿದು ಮತ್ತೆ ಶುರು, ಹಳೆಯ ಜಾಗವೇ, ಅರ್ಧ ಗಂಟೆ ಮೊದಲು. ರಾಜ್ಯೋತ್ಸವದ ಕೋಲಾಟಕ್ಕೆ ಹುಡುಗರು ಸಾಲದು, ಹುಡುಗರ ಅಪ್ಪಂದಿರಾದರೂ ಬನ್ನಿ. ಹೋದ ಕಾರ್ಯಕ್ರಮದಲ್ಲಿ ಉಳಿದ ಎರಡು ಸ್ಟೀಲ್ ಡಬ್ಬಿ, ಒಂದು ಮಗುವಿನ ಎಡಗಾಲಿನ ಚಪ್ಪಲಿ ನನ್ನ ಮನೆಯಲ್ಲಿವೆ. ಹೊಸ ಯೋಚನೆ ಒಂದಿದೆ: ಈ ಸಲ ಹೊಸಬರ ಸ್ವಾಗತವನ್ನು ಸಭಾಂಗಣದಲ್ಲಿ ಬಿಸಿಬೇಳೆಬಾತಿನ ಜೊತೆ ಮಾಡದೆ ಹಾಕರ್ ಸೆಂಟರಿನಲ್ಲಿ ಮಾಡೋಣ, ಆರ್ಡರು ಮಾಡುವುದು ಮಕ್ಕಳು, ಬಾಯಿ ಮುಚ್ಚಿಕೊಂಡು ಕೂರುವುದು ನಾವು. ಸಮಿತಿ ಇನ್ನೂ ಒಪ್ಪಿಲ್ಲ. ಮೊಸರನ್ನ ಎಲ್ಲಿ ಸಿಗುತ್ತದೆ ಅಂತ ಒಬ್ಬರು ಆಗಲೇ ಕೇಳಿದ್ದಾರೆ.

ಇನ್ನೊಂದು. ದೀಪಾವಳಿ ಸಂಚಿಕೆಗೆ ಸಂಪಾದಕರು ಬೇಕು. ಐದು ವರ್ಷ ಆಯಿತು, ನನಗೆ ಸಾಕಾಗಿದೆ. ಸಿಟ್ಟಿಲ್ಲ, ನಿದ್ದೆ ಇಲ್ಲ ಅಷ್ಟೇ. ಕನ್ನಡ ಟೈಪಿಂಗ್ ಬರದಿದ್ದರೂ ಪರವಾಗಿಲ್ಲ, ಒಂದು ವಾರದಲ್ಲಿ ಕಲಿಸಿಕೊಡುತ್ತೇನೆ. "ಲೇಖನ ಯಾವಾಗ ಕೊಡ್ತೀರಿ" ಎಂದು ನಾಚಿಕೆಯಿಲ್ಲದೆ ದಿನಾ ಕೇಳಲು ಬಂದರೆ ಸಾಕು.

ಅಷ್ಟಮಿ ಹತ್ತಿರ ಬಂತು. ಕಡಲ ಬದಿಯ ಪಾರ್ಕಿನಲ್ಲಿ ಮುಂಡುಕದ ಜಾತಿಯದ್ದೇ ಗಿಡ ನೋಡಿದ್ದೇನೆ, ಮುಳ್ಳು ಸಮೇತ. ಕಿತ್ತರೆ ದಂಡ. ಊರಿಂದ ಸೂಟ್‌ಕೇಸಿನಲ್ಲಿ ತರುವ ಧೈರ್ಯ ನನಗಿಲ್ಲ. ನಿಮ್ಮಲ್ಲಿ ಯಾರದ್ದಾದರೂ ಪರಿಚಯದವರ ಹಿತ್ತಲಲ್ಲೋ ತೋಟದಲ್ಲೋ ಅಗಲ ಓಲೆಯದ್ದು ಇದ್ದರೆ ಒಂದು ಮಾತು ಹೇಳಿ. ಇಪ್ಪತ್ತು ಓಲೆ ಸಾಕು. ಕತ್ತಿ ತರುತ್ತೇನೆ, ಮುಳ್ಳೂ ನಾನೇ ತೆಗೆಯುತ್ತೇನೆ.