10 ಕಿಲೋಮೀಟರ್ ಮುಗೀತು, ಥ್ಯಾಂಕ್ಸ್ ಹೇಳಬೇಕು

ಭಾನುವಾರ ರೇಸಿಂಗ್ ವೀಲ್‌ಚೇರ್‌ನಲ್ಲಿ ಮೊದಲ ಸಲ 10 ಕಿಲೋಮೀಟರ್ ಓಟ ಮುಗಿಸಿದೆ. ತುಂಬಾ ಜನ ಫೋನ್ ಮಾಡಿ ಹಾರೈಸಿದ್ದೀರಿ. ಕೆಲವರಿಗೆ ಮಾತ್ರ ಎಲ್ಲರೆದುರೇ ಥ್ಯಾಂಕ್ಸ್ ಹೇಳಬೇಕು ಅನಿಸಿತು.

ಮೊದಲು ಮಾಲತಿ ಹೊಳ್ಳ ಮೇಡಂಗೆ. ಮೇಡಂ, ನನ್ನ ಪರಿಚಯ ನಿಮಗಿಲ್ಲ. ಒಂದು ವರ್ಷದ ಮಗುವಾಗಿದ್ದಾಗ ಬಂದ ಜ್ವರಕ್ಕೆ ನಿಮ್ಮ ಮೈಯೆಲ್ಲ ಸ್ವಾಧೀನ ತಪ್ಪಿತ್ತು. ಎರಡು ವರ್ಷಕ್ಕೂ ಜಾಸ್ತಿ ಕರೆಂಟ್ ಶಾಕ್ ಕೊಟ್ಟ ಮೇಲೆ ಸೊಂಟದಿಂದ ಮೇಲಕ್ಕೆ ಬಲ ಬಂತು. ಆಮೇಲೆ 30ಕ್ಕೂ ಹೆಚ್ಚು ಆಪರೇಷನ್. ಅದೇ ಮೈ ಇಟ್ಟುಕೊಂಡು 1988ರಲ್ಲಿ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋದಿರಿ. ಮರುವರ್ಷ ಡೆನ್ಮಾರ್ಕ್‌ನಲ್ಲಿ 200 ಮೀಟರ್ ಓಟದಲ್ಲಿ ಚಿನ್ನ, ಗುಂಡು, ಡಿಸ್ಕಸ್, ಜಾವೆಲಿನ್‌ನಲ್ಲೂ ಚಿನ್ನ. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. ಜೊತೆಗೆ ಬ್ಯಾಂಕ್ ಕೆಲಸ, ಅಂಗವಿಕಲ ಮಕ್ಕಳಿಗಾಗಿ ನೀವು ಶುರು ಮಾಡಿದ ಮಾತೃ ಫೌಂಡೇಷನ್‌ನ ಮಕ್ಕಳು.

"ಇವಳಿಗ್ಯಾಕೆ ಇದೆಲ್ಲ, ಸುಮ್ನೆ ಮನೇಲಿರಲಿ" ಅಂತ ನೆಂಟರು ಹೇಳಿದಾಗಲೆಲ್ಲ ಅಮ್ಮ ನಿಮ್ಮ ಹೆಸರು ಎತ್ತುತ್ತಿದ್ದಳು. ಎದುರಿನವರಿಗೆ ಮುಂದೆ ಮಾತೇ ಹೊರಡುತ್ತಿರಲಿಲ್ಲ. ನನ್ನ ಪರವಾಗಿ ವಾದ ಮಾಡೋದು ಅಮ್ಮನಿಗೆ ಅಷ್ಟು ಸುಲಭವಾಗಿದ್ದು ನಿಮ್ಮಿಂದ. ನಿಮ್ಮ ಮುಂದೆ ಯಾರ ಹೆಸರಿತ್ತು ಹೇಳಿ?

ನಮ್ಮ ಕೋಚ್ ಸರ್‌ಗೆ. ರೇಸಿಂಗ್ ಕುರ್ಚಿ ಅಂದರೆ ಮನೆಯ ವೀಲ್‌ಚೇರ್ ಅಲ್ಲ. ಮೂರೇ ಚಕ್ರ, ಮುಂದಿನದು ಮಾರು ದೂರ. ಮಂಡಿಯೂರಿ, ಎದೆ ಬಗ್ಗಿಸಿ ಕೂರಬೇಕು. ರಿಮ್ ಹಿಡಿದು ತಳ್ಳುವ ಹಾಗಿಲ್ಲ, ಗ್ಲೌಸ್ ಹಾಕಿದ ಮುಷ್ಟಿಯಿಂದ ಹೊಡೆಯಬೇಕು. ಟ್ರ್ಯಾಕ್‌ನಲ್ಲಿ ತಿರುವು ಬಂದಾಗ ಮುಂದಿರುವ ಸಣ್ಣ ಲಿವರ್‌ಗೆ ಒಂದೇಟು ಕೊಟ್ಟರೆ ಮುಂದಿನ ಚಕ್ರ ಆ ತಿರುವಿಗೆ ಬೇಕಾದಷ್ಟೇ ಹೊರಳಿ ನಿಲ್ಲುತ್ತದೆ, ಎರಡೂ ಕೈ ಮತ್ತೆ ರಿಮ್‌ಗೆ. ಆ ಒಂದು ಏಟಿನ ಸಮಯ ನನಗೆ ಕೂಡಿ ಬರುವವರೆಗೆ ಸರ್ ಬಿಸಿಲಲ್ಲಿ ತಿರುವಿನ ಹತ್ತಿರವೇ ನಿಂತು "ಈಗ!" ಅಂತ ಕೂಗಿದ್ದಾರೆ. ಗಂಟಲು ಕಟ್ಟಿದ ದಿನ ಚಪ್ಪಾಳೆ ತಟ್ಟಿದ್ದಾರೆ.

ಸೈಕಲ್ ಶಾಪ್ ಅಣ್ಣನಿಗೆ. ಅಂಟು ಹಾಕಿ ಕೂರಿಸುವ ಟ್ಯೂಬ್‌ಲರ್ ಟೈರ್ ಅವರೂ ಮೊದಲು ನೋಡಿರಲಿಲ್ಲ. ಕಲಿತರು. ಓಟದ ಹಿಂದಿನ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಮನೆಗೇ ಬಂದು ಗಾಳಿ, ಬೇರಿಂಗ್ ಎರಡೂ ನೋಡಿ ಹೋದರು. ದುಡ್ಡು ಕೊಡಲು ಹೋದರೆ ಬೈದರು.

ಕುರ್ಚಿ ಆಟೋದಲ್ಲಿ ಹಿಡಿಯಲ್ಲ. ತರಕಾರಿ ಲೋಡ್ ಇಳಿಸಿ ಬಂದು, ಹಳೇ ಕಂಬಳಿ ಸುತ್ತಿ, ಹಗ್ಗ ಬಿಗಿದು ಅದನ್ನು ಟ್ರ್ಯಾಕ್‌ವರೆಗೆ ತಂದ ಟೆಂಪೋ ಮಾಮನಿಗೆ ಏನು ಹೇಳಲಿ? ಫ್ರೇಮ್ ಮೇಲೆ ಇವತ್ತಿಗೂ ಒಂದು ಗೀರಿಲ್ಲ.

ಅಮ್ಮಾ, ನಿನಗೆ ಇಲ್ಲಿ ಬರೆಯಲ್ಲ. ಬರೆದರೆ ನೀನು ಓದಿ ಅಳ್ತೀಯ, ಅಲ್ವಾ?

ಕೊನೆಗೆ ಒಂದು ಕೇಳಿಕೆ. ನಮ್ಮ ಟ್ರ್ಯಾಕ್‌ಗೆ ಹೊಸ ಹುಡುಗಿಯೊಬ್ಬಳು ಬರುತ್ತಿದ್ದಾಳೆ. ನನ್ನ ಗ್ಲೌಸ್ ಅವಳ ಕೈಗೆ ದೊಡ್ಡದಾಗುತ್ತಿದೆ. ಸಣ್ಣ ಸೈಜಿನದು ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾನೇ ಬಂದು ತಗೊಂಡು ಹೋಗ್ತೀನಿ.