ಕೈ ಕಟ್ಟದೆ ಕಳೆದ ರಾತ್ರಿಗಳಿಗೆ

ಸನ್ನಿಯಲ್ಲಿ (ಡೆಲಿರಿಯಂ, ಅಂದರೆ ಕಾಯಿಲೆ ಮುಂತಾದ ಕಾರಣದಿಂದ ದಿಢೀರನೆ ಬರುವ ಗೊಂದಲ) ಚಡಪಡಿಸುವ ರೋಗಿಯ ಕೈ ಕಟ್ಟುವ ಮುನ್ನ ಕಾರಣ ಹುಡುಕಬೇಕು ಎಂದು ನಮ್ಮ ವಾರ್ಡಿನಲ್ಲಿ ನಿಯಮ ಮಾಡಿ ಇಂದಿಗೆ ಒಂದು ವರ್ಷ. ಬರೆಯಲು ಅರ್ಧ ಪುಟ ಸಾಕಾಗಿತ್ತು. ನಡೆಸಿಕೊಟ್ಟವರು ರಾತ್ರಿ ಪಾಳಿಯವರು.

ಸಿಸ್ಟರುಗಳೇ, ಬ್ರದರುಗಳೇ, ರೋಗಿ ಡ್ರಿಪ್ ಕಿತ್ತುಕೊಂಡು "ಬಿಡಿ, ಮನೆಗೆ ಹೋಗ್ತೀನಿ" ಎಂದು ಎದ್ದಾಗ ನೀವು ಇಂಜೆಕ್ಷನ್ನಿಗೆ ಫೋನ್ ಮಾಡಲಿಲ್ಲ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಿರಿ, ಶುಗರ್ ನೋಡಿದಿರಿ, ಕಿಬ್ಬೊಟ್ಟೆ ಮುಟ್ಟಿ ನೋಡಿದಿರಿ. ಕಿಬ್ಬೊಟ್ಟೆಗೆ ವಿಶೇಷ ಧನ್ಯವಾದ. ಕ್ಯಾತಿಟರ್ ಕೊಳವೆ ತೊಡೆಯಡಿ ಮಡಚಿಕೊಂಡರೆ ಚೀಲಕ್ಕೆ ಮೂತ್ರ ಇಳಿಯದೆ ಮೂತ್ರಕೋಶ ಉಬ್ಬುತ್ತದೆ. ಗೊಂದಲದಲ್ಲಿರುವ ವೃದ್ಧರಿಗೆ ನೋವು ಎಲ್ಲಿ ಎಂದು ಹೇಳಲು ಬರುವುದಿಲ್ಲ. ಮಂಚ ಇಳಿಯಲು ನೋಡುತ್ತಾರೆ, ಅಷ್ಟೆ. ಆಗ ನಿದ್ದೆಯ ಮದ್ದು ಕೊಟ್ಟರೆ ಗಲಾಟೆ ನಿಲ್ಲುತ್ತದೆ, ಮೂತ್ರಕೋಶ ಉಬ್ಬುತ್ತಲೇ ಇರುತ್ತದೆ.

ಅಡ್ಮಿಷನ್ ಹೊತ್ತಿನಲ್ಲೇ ಮನೆಯವರನ್ನು ಬದಿಗೆ ಕರೆದು, ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಮುಜುಗರವಾಗದಂತೆ ಕೇಳಿ, ಗಂಟೆ ಸಮೇತ ಕೇಸ್ ಶೀಟಿನಲ್ಲಿ ಬರೆದವರಿಗೆ ಡ್ಯೂಟಿ ಡಾಕ್ಟರುಗಳು ಋಣಿಗಳು. ದಿನಾ ಹೆಚ್ಚು ಕುಡಿಯುವವರಿಗೆ ಕುಡಿತ ನಿಂತ 6ರಿಂದ 24 ಗಂಟೆಯಲ್ಲಿ ಕೈನಡುಕ, ಬೆವರು ಶುರು. ಸನ್ನಿ ಕಾಣುವುದು ಹೆಚ್ಚಾಗಿ 48ರಿಂದ 96 ಗಂಟೆಯ ನಡುವೆ. ಅಲ್ಲಿ ಲೊರಾಜೆಪಾಮ್ ಎಂಬ ಶಾಂತಗೊಳಿಸುವ ಮದ್ದು ಜೀವ ಉಳಿಸುತ್ತದೆ, ಜೊತೆಗೆ ಥಯಾಮಿನ್ (ಬಿ1 ವಿಟಮಿನ್) ಬೇಕು. ಬೇರೆ ಕಾರಣದ ಸನ್ನಿಯಲ್ಲಿ ಅದೇ ಲೊರಾಜೆಪಾಮ್ ಗೊಂದಲವನ್ನು ಹೆಚ್ಚಿಸಬಲ್ಲದು. ವೃದ್ಧರಿಗೆ ಹ್ಯಾಲೊಪೆರಿಡಾಲ್ (ಭ್ರಮೆ, ಉದ್ರೇಕ ತಗ್ಗಿಸುವ ಮದ್ದು) ಅನಿವಾರ್ಯವಾದಾಗ 0.5 ಮಿ.ಗ್ರಾಂನಿಂದ ಶುರು ಮಾಡೋಣ ಎಂದವರು, "ಡಾಕ್ಟ್ರೇ, ಇವರಿಗೆ ಪಾರ್ಕಿನ್ಸನ್ ಇದೆ, ಅದು ಬೇಡ", "ಇಸಿಜಿಯಲ್ಲಿ ಕ್ಯೂಟಿಸಿ 500 ದಾಟಿದೆ" (ಈ ಮದ್ದು ಕೊಟ್ಟರೆ ಹೃದಯದ ಬಡಿತ ತಪ್ಪುವ ಅಪಾಯದ ಗುರುತು) ಎಂದು ತಡೆದವರು ನೀವೇ. ತಡೆಸಿಕೊಂಡವರಿಗೂ ಥ್ಯಾಂಕ್ಸ್, ಅದೂ ಸುಲಭವಲ್ಲ.

ಮನೆಯವರೇ, ಕನ್ನಡಕ, ಕಿವಿ ಮಷೀನು ಮರೆಯದೆ ತಂದುಕೊಟ್ಟಿರಿ. ತೀರಿಕೊಂಡ ತಂಗಿ ಬಾಗಿಲಲ್ಲಿ ನಿಂತಿದ್ದಾಳೆ ಎಂದರೆ ವಾದಕ್ಕಿಳಿಯದೆ, "ನಾನಿಲ್ಲೇ ಇದ್ದೀನಮ್ಮ, ಇದು ಆಸ್ಪತ್ರೆ, ಈಗ ರಾತ್ರಿ" ಎಂದಿರಿ. ಒಬ್ಬರು ಮಾತಾಡುವಾಗ ಉಳಿದವರು ಹೊರಗೆ ನಿಂತಿರಿ. ನಾಲ್ವರು ಮಂಚ ಸುತ್ತುವರಿದು ಒಟ್ಟಿಗೆ ಸಮಾಧಾನ ಹೇಳಿದರೆ ರೋಗಿಗೆ ಅದು ಮುತ್ತಿಗೆಯಂತೆ ಕಾಣುತ್ತದೆ.

ರೋಗಿಯ ನಿದ್ದೆ ಕೆಡದಂತೆ, ತುರ್ತಿಲ್ಲದ ಪರೀಕ್ಷೆಯ ರಕ್ತವನ್ನು ನಡುರಾತ್ರಿಯ ಬದಲು ಬೆಳಿಗ್ಗೆ 6ಕ್ಕೆ ಎಳೆಯಲು ಒಪ್ಪಿದ ಲ್ಯಾಬಿನವರಿಗೂ ನಮಸ್ಕಾರ.

ಇನ್ನು ಆಯಾಗಳು. "ಅಜ್ಜ ನಿನ್ನೆ ಮಾತಾಡ್ತಿದ್ರು, ಇವತ್ತು ತಟ್ಟೆ ಕಡೆ ನೋಡ್ಲೇ ಇಲ್ಲ" ಎಂದು ಬಂದು ಹೇಳಿದವರು ನೀವು. ಮಂಕಾಗಿ ಮಲಗಿದವರಿಗೂ ಸನ್ನಿ ಇರುತ್ತದೆ. ಸದ್ದಿಲ್ಲದ್ದರಿಂದ ರೌಂಡ್ಸಿನಲ್ಲಿ ನಾವು "ಆರಾಮಿದ್ದಾರೆ" ಎಂದು ಬರೆದು ಮುಂದಿನ ಮಂಚಕ್ಕೆ ಹೋಗಿರುತ್ತೇವೆ.