ದೀಪ ಹತ್ತಿದ ಮಾತ್ರಕ್ಕೆ ಶಾಕ್ ಅಬ್ಸಾರ್ಬರ್ ಕೆಟ್ಟಿದೆ ಎಂದಲ್ಲ

ಮಾನ್ಯ ಸಂಪಾದಕರೇ,

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಕುರಿತು ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಅಮೆರಿಕದ ಮಿಷಿಗನ್‌ನಲ್ಲಿ ಕುಳಿತು ಆಸಕ್ತಿಯಿಂದ ಓದಿದೆ. ಲೇಖನದ ಬಹುಪಾಲಿಗೆ ನನ್ನ ತಕರಾರಿಲ್ಲ. ಆದರೆ ಕಂಪನಿಯೇ ಅಳವಡಿಸಿದ್ದ, ಬಿಗಿ ಸಡಿಲ ಮಾಡಬಹುದಾದ ಶಾಕ್ ಅಬ್ಸಾರ್ಬರ್‌ಗಳು ತೊಂದರೆ ಕೊಡಲಾರಂಭಿಸಿದರೆ ಅವನ್ನು ಬಿಚ್ಚಿ ಎಸೆದು ಆಫ್ಟರ್‌ಮಾರ್ಕೆಟ್ (ಕಾರು ಕಂಪನಿಯದಲ್ಲದೆ ಹೊರಗಿನವರು ಮಾರುವ) ಶಾಕ್ ಹಾಕಿಸುವುದೇ ಲೇಸು ಎಂಬರ್ಥದ ಮಾತು ಅದರಲ್ಲಿ ಬಂದಿದೆ. ಹಾಗೆಯೇ ಮಾಡಿ ಕೈಸುಟ್ಟುಕೊಂಡವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಇಲ್ಲಿಗೆ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗರಲ್ಲಿ ಕೆಲವರು ಹೊಸ ಕಾರಿಗಿಂತ ಅಗ್ಗವಾಗಿ ಸಿಗುವ ಹಳೆಯ ಸ್ಪೋರ್ಟ್ಸ್ ಕಾರನ್ನು ಆಸೆಪಟ್ಟು ಕೊಳ್ಳುತ್ತಾರೆ. ಅವರು ಮೊದಲು ಎದುರಿಸುವ ದೊಡ್ಡ ಖರ್ಚುಗಳಲ್ಲಿ ಇದೂ ಒಂದು.

ನಾನು ಚೆನ್ನಾಗಿ ಬಲ್ಲ ಒಂದೇ ಕಾರನ್ನು ಹಿಡಿದು ಹೇಳುತ್ತೇನೆ. ಶೆವರ್ಲೆ ಕಾರ್ವೆಟ್‌ನ ನಾಲ್ಕನೆಯ ಪೀಳಿಗೆ, ಅಂದರೆ ‘ಸಿ4’, 1984ರಿಂದ 1996ರ ಮಾದರಿಯವರೆಗೆ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಕಾರ್ಖಾನೆಯಲ್ಲಿ ತಯಾರಾಯಿತು. ಮೊದಲ ವರ್ಷದ ಕಾರುಗಳು ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಓಡುತ್ತಿದ್ದವಾದರೂ ಸವಾರಿ ತೀರಾ ಗಡುಸು ಎಂಬ ದೂರು ವ್ಯಾಪಕವಾಗಿತ್ತು. 1989ರಲ್ಲಿ, ಬಿಗಿಯನ್ನು ಬದಲಿಸಬಲ್ಲ ಶಾಕ್‌ಗಳ ‘ಎಫ್‌ಎಕ್ಸ್3’ ಎಂಬ ಆಯ್ಕೆ ಬಂತು. 1995ರವರೆಗೂ ಇದ್ದ ಈ ವ್ಯವಸ್ಥೆಯನ್ನು ‘ಝಡ್‌ಆರ್-1’ ಎಂಬ ದುಬಾರಿ ಮಾದರಿಗೆ ಖಾಯಂ ಆಗಿ ಕೊಟ್ಟರು. ಜರ್ಮನಿಯ ಬಿಲ್‌ಸ್ಟೀನ್ ಕಂಪನಿಯ ಗ್ಯಾಸ್ ಶಾಕ್‌ಗಳ ನೆತ್ತಿಯ ಮೇಲೆ ಒಂದೊಂದು ಪುಟ್ಟ ಮೋಟಾರು ಕೂರಿಸಿದ್ದರು. ಚಾಲಕನ ಕೈಗೆ ಸಿಗುವ ಸ್ವಿಚ್ಚಿನಲ್ಲಿ ಟೂರಿಂಗ್, ಸ್ಪೋರ್ಟ್, ಪರ್ಫಾರ್ಮೆನ್ಸ್ ಎಂಬ ಮೂರು ಸ್ಥಾನಗಳಿದ್ದು, ಆರಿಸಿದ ಸ್ಥಾನದೊಳಗೆ ಕಾರಿನ ವೇಗಕ್ಕೆ ತಕ್ಕಂತೆ ಕಂಪ್ಯೂಟರ್ ಆರು ಹಂತಗಳಲ್ಲಿ ಬಿಗಿಯನ್ನು ಬದಲಿಸುತ್ತದೆ. ಮೋಟಾರು ಮಾಡುವುದಿಷ್ಟೇ: ಶಾಕ್‌ನ ದಂಡದೊಳಗಿನ ಸಣ್ಣ ಕಡ್ಡಿಯನ್ನು ತಿರುಗಿಸಿ, ಎಣ್ಣೆ ಹಾಯುವ ದಾರಿಯನ್ನು ಅಗಲವೋ ಕಿರಿದೋ ಮಾಡುವುದು.

ಈ ಕಾರಿನಲ್ಲಿ ಶಾಕ್‌ನ ಹೊಣೆ ಎಷ್ಟು ದೊಡ್ಡದು ಎಂಬುದನ್ನು ತಿಳಿಯಲು ಅದರ ಸ್ಪ್ರಿಂಗ್ ನೋಡಬೇಕು. ಹಾಸನದಲ್ಲಿ ನಮ್ಮ ಸೋದರಮಾವನ ಗ್ಯಾರೇಜಿನಲ್ಲಿ ಲಾರಿಯ ಕಮಾನುಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಬಿಚ್ಚಿ ಜೋಡಿಸುವುದನ್ನು ನೋಡುತ್ತ ಬೆಳೆದವನು ನಾನು. ಒಂದರ ಮೇಲೊಂದು ಪೇರಿಸಿದ ಆ ಪಟ್ಟಿಗಳು ಪರಸ್ಪರ ಉಜ್ಜಿಕೊಳ್ಳುವುದರಿಂದಲೇ ಕುಣಿತ ಒಂದಷ್ಟು ತಗ್ಗುತ್ತದೆ. ಸಿ4 ಕಾರ್ವೆಟ್‌ನಲ್ಲಿಯೂ ಕಮಾನುಪಟ್ಟಿಯೇ ಇದೆ. ಆದರೆ ಅದು ಗಾಡಿಗೆ ಅಡ್ಡಲಾಗಿ ಮಲಗಿಸಿದ, ಫೈಬರ್‌ಗ್ಲಾಸಿನ ಒಂಟಿ ಪಟ್ಟಿ. ಉಜ್ಜಿಕೊಳ್ಳಲು ಇನ್ನೊಂದು ಪಟ್ಟಿಯೇ ಇಲ್ಲದ ಕಾರಣ ಕುಣಿತವನ್ನು ಹಿಡಿದು ನಿಲ್ಲಿಸುವ ಕೆಲಸ ಹೆಚ್ಚೂಕಡಿಮೆ ಪೂರ್ತಿಯಾಗಿ ಶಾಕ್ ಅಬ್ಸಾರ್ಬರ್‌ನ ಮೇಲೆಯೇ ಬೀಳುತ್ತದೆ. ಆದ್ದರಿಂದ ಇಲ್ಲಿ ಹೊಂದದ ಶಾಕ್ ಹಾಕಿದರೆ ಅದರ ಫಲ ಮೊದಲ ಮೈಲಿಯಲ್ಲೇ ಬೆನ್ನುಮೂಳೆಗೆ ಗೊತ್ತಾಗುತ್ತದೆ.

ನನ್ನದು 1990ರ ಮಾದರಿ. ಕೊಂಡ ಎರಡನೆಯ ವರ್ಷ ಸಸ್ಪೆನ್ಷನ್‌ನ (ಸ್ಪ್ರಿಂಗ್, ಶಾಕ್ ಸೇರಿದ ವ್ಯವಸ್ಥೆಯ) ಎಚ್ಚರಿಕೆ ದೀಪ ಹತ್ತಿ ಆರದೇ ಉಳಿಯಿತು. ಒಂದು ವರ್ಕ್‌ಶಾಪಿಗೆ ಒಯ್ದೆ. ಗಾಡಿಯನ್ನು ಮೇಲೆತ್ತಿಯೂ ನೋಡದೆ, ನಾಲ್ಕೂ ಶಾಕ್ ಹೋಗಿವೆ, ಈ ಎಲೆಕ್ಟ್ರಾನಿಕ್ ಸರಂಜಾಮು ಎಂದಿದ್ದರೂ ಕಾಟವೇ, ಕೈಯಿಂದ ಬಿಗಿ ಮಾಡುವ ಒಳ್ಳೆಯ ರೇಸಿಂಗ್ ಶಾಕ್‌ಗಳಿವೆ ಎಂದರು. ನಾನು ಒಪ್ಪಿದೆ. ಹೊಸವನ್ನು ಬಹುತೇಕ ಪೂರ್ತಿ ಬಿಗಿಗೆ ತಿರುಗಿಸಿ ಜೋಡಿಸಿದರು. ದೀಪ ಹತ್ತದಿರಲೆಂದು ಹಳೆಯ ಮೋಟಾರುಗಳ ವೈರನ್ನು ಕೀಳದೆ ಪ್ಲಾಸ್ಟಿಕ್ ಪಟ್ಟಿಯಿಂದ ಪಕ್ಕಕ್ಕೆ ಕಟ್ಟಿದರು. ಚಳಿಗಾಲದ ಹೆಪ್ಪುಗಟ್ಟುವಿಕೆಗೆ ಉಬ್ಬಿ ಬಿರಿಯುವ ಮಿಷಿಗನ್‌ನ ಕಾಂಕ್ರೀಟ್ ಹೆದ್ದಾರಿಯಲ್ಲಿ ಪ್ರತಿ ಕೂಡುಗೆರೆ ದಾಟುವಾಗಲೂ ಡ್ಯಾಶ್‌ಬೋರ್ಡ್ ಗಡಗಡ ಎನ್ನುತ್ತಿತ್ತು, ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತಿತ್ತು, ಮತ್ತು ಇಷ್ಟೆಲ್ಲ ಆದರೂ ಆ ಬಿಗಿಯನ್ನೇ ಸ್ಪೋರ್ಟ್ಸ್ ಕಾರಿನ ಲಕ್ಷಣವೆಂದು ನಾನು ಒಂದು ಬೇಸಿಗೆ ಪೂರ್ತಿ ನಂಬಿಕೊಂಡಿದ್ದೆ. ಬಿಗಿಯಾದದ್ದೆಲ್ಲ ಉತ್ತಮವಲ್ಲ. ಹೀಗೆ ಕೈಯಿಂದ ಹೊಂದಿಸುವ ಶಾಕ್‌ಗಳಲ್ಲಿ ಹಲವುಗಳಲ್ಲಿ ಬದಲಾಗುವುದು ಶಾಕ್ ಹಿಗ್ಗುವಾಗಿನ ತಡೆ ಮಾತ್ರ, ಕುಗ್ಗುವಾಗಿನದ್ದಲ್ಲ. ಹಿಗ್ಗುವ ತಡೆ ಅತಿಯಾದರೆ, ಸಾಲುಸಾಲು ಉಬ್ಬುಗಳ ಮೇಲೆ ಹೋಗುವಾಗ ಮೇಲೆದ್ದ ಚಕ್ರ ಕೆಳಗಿಳಿದು ನೆಲ ಮುಟ್ಟುವಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತದೆ. ಹೀಗೆ ಗಾಡಿ ಕುಸಿಯುತ್ತ ಕುಸಿಯುತ್ತ ಸಸ್ಪೆನ್ಷನ್‌ಗೆ ಆಡಲು ಜಾಗವೇ ಉಳಿಯುವುದಿಲ್ಲ.

ಪುಣ್ಯಕ್ಕೆ ಹಳೆಯ ನಾಲ್ಕು ಶಾಕ್‌ಗಳನ್ನು ಕೇಳಿ ಮನೆಗೆ ತಂದಿದ್ದೆ. ಮುಂದಿನ ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಕುಳಿತು ಒಂದೊಂದನ್ನೇ ಪರೀಕ್ಷಿಸಿದೆ. ಸಿ4 ಕಾರಿನ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಮುಂದಿನ ಎರಡು ಮೋಟಾರುಗಳು ಕಣ್ಣೆದುರೇ ಇರುತ್ತವೆ. ಸ್ವಿಚ್ ತಿರುಗಿಸಿದಾಗ ಬಲಗಡೆಯದು ಗುಂಯ್ ಎಂದು ತಿರುಗುವ ಸದ್ದು ಕೇಳುತ್ತಿತ್ತು, ಆದರೆ ತಳದಲ್ಲಿ ಕಡ್ಡಿಯನ್ನು ಹಿಡಿಯುವ ಗುಳಿ ಮಿಸುಕುತ್ತಿರಲಿಲ್ಲ. ಬಿಚ್ಚಿದರೆ ಒಳಗೆ ಉಗುರಿನಷ್ಟು ಪ್ಲಾಸ್ಟಿಕ್ ಗೇರ್ ಸೀಳಿತ್ತು. ಹಿಂದಿನ ಒಂದು ಮೋಟಾರಿನ ಕಥೆಯೂ ಅದೇ. ಇನ್ನೊಂದರ ಕನೆಕ್ಟರ್, ರಸ್ತೆಗೆ ಸುರಿಯುವ ಉಪ್ಪಿನಿಂದಾಗಿ, ಹಸಿರು ಕಿಲುಬು ಹಿಡಿದಿತ್ತು. ಶಾಕ್‌ಗಳ ಕಡ್ಡಿಗಳು ಮಾತ್ರ ಇಕ್ಕಳದಲ್ಲಿ ಹಿಡಿದರೆ ನಾಲ್ಕರಲ್ಲಿಯೂ ಸಲೀಸಾಗಿ ತಿರುಗಿದವು. ದಂಡವನ್ನು ಒತ್ತಿ ನೋಡಿದಾಗ ಮೂರು ಒಂದೇ ಸಮನಾದ ತಡೆ ಕೊಟ್ಟವು. ಒಂದರ ಸೀಲ್ ಬಳಿ ಎಣ್ಣೆ ಜಿನುಗಿತ್ತು. ನಾಲ್ಕೂ ಹೋಗಿವೆ ಎಂಬ ತೀರ್ಪಿನ ಹಿಂದೆ ಇದ್ದ ನಿಜ ಇಷ್ಟು.

ಸೀಳಿದ ಗೇರ್‌ಗಳ ಬದಲು ಹಿತ್ತಾಳೆಯವನ್ನು ಹಾಕಿ, ಕನೆಕ್ಟರ್ ತಿಕ್ಕಿ, ನಾಲ್ಕು ಶಾಕ್‌ಗಳನ್ನೂ ಮರುಜೋಡಣೆಗೆ ಕಳಿಸಿದೆ. ಈ ಬಗೆಯ ಶಾಕ್‌ನಲ್ಲಿ ಎಣ್ಣೆಗೂ ಸಾರಜನಕ ಅನಿಲಕ್ಕೂ ನಡುವೆ ಜಾರುವ ಪಿಸ್ಟನ್ ಒಂದಿದ್ದು, ಅನಿಲದ ಒತ್ತಡದಿಂದ ಎಣ್ಣೆ ನೊರೆಗಟ್ಟದಂತೆ ತಡೆಯುತ್ತದೆ. ಬಲ್ಲವರ ಕೈಯಲ್ಲಿ ಸೀಲ್, ಎಣ್ಣೆ, ಅನಿಲ ಮೂರನ್ನೂ ಹೊಸದು ಮಾಡಬಹುದು. ಒಟ್ಟು ಖರ್ಚು ನಾನು ಹಾಕಿಸಿದ್ದ ರೇಸಿಂಗ್ ಶಾಕ್‌ಗಳ ಬೆಲೆಗಿಂತ ಕಡಿಮೆಯೇ ಆಯಿತು. ಈಗ ಟೂರಿಂಗ್‌ನಲ್ಲಿ ಅದೇ ಹೆದ್ದಾರಿಯ ಕೂಡುಗೆರೆಗಳು ‘ದಬ್’ ಎಂದು ಸುಮ್ಮನಾಗುತ್ತವೆ.

ಹಾಗೆಂದು ಎಲ್ಲರೂ ಒರಿಜಿನಲ್ಲೇ ಉಳಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಹಿಂದಿನ ಮಾಲೀಕರು ಮೋಟಾರುಗಳನ್ನೂ ಕಂಪ್ಯೂಟರನ್ನೂ ಕಳೆದುಬಿಟ್ಟಿದ್ದರೆ, ಅವುಗಳ ಬೇಟೆಗೆ ಹೊರಡುವುದಕ್ಕಿಂತ ಅದೇ ಬಿಲ್‌ಸ್ಟೀನ್‌ನ ಸಾಮಾನ್ಯ, ಹೊಂದಾಣಿಕೆ ಇಲ್ಲದ ಶಾಕ್ ಹಾಕಿಸುವುದು ಒಳ್ಳೆಯದು. ದಿನನಿತ್ಯದ ಓಡಾಟಕ್ಕೆ ಅದು ಧಾರಾಳವಾಯಿತು. ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಕೈಯಿಂದ ಹೊಂದಿಸುವ ಶಾಕ್ ಬೇಕಾಗಬಹುದು, ಆದರೆ ಅಂಥವರು ಸ್ಪ್ರಿಂಗನ್ನೂ ಜೊತೆಯಲ್ಲೇ ಯೋಚಿಸಬೇಕು. ಕಂಪನಿಯ ಸ್ಪ್ರಿಂಗನ್ನೇ ಇಟ್ಟುಕೊಂಡು ಶಾಕ್ ಮಾತ್ರ ಬಿಗಿ ಮಾಡಿದರೆ ನನಗೆ ಆದದ್ದೇ ಅವರಿಗೂ ಆಗುತ್ತದೆ.

ಲೇಖಕರು ಮುಂದೆ ಈ ವಿಷಯ ಬರೆಯುವಾಗ, ದೀಪ ಹತ್ತಿದೊಡನೆ ಶಾಕ್ ಕೊಳ್ಳುವ ಬದಲು ಮೊದಲು ಮೋಟಾರು, ಗೇರ್, ವೈರು ನೋಡಿಸಿಕೊಳ್ಳುವಂತೆ ಓದುಗರಿಗೆ ತಿಳಿಸಬೇಕೆಂದು ಕೋರುತ್ತೇನೆ. ಬದಲಿಸಲೇಬೇಕಾದರೂ ಬಿಚ್ಚಿದ ಹಳೆಯ ಶಾಕ್‌ಗಳನ್ನು ವರ್ಕ್‌ಶಾಪಿನಲ್ಲಿ ಬಿಟ್ಟು ಬರಬಾರದು. ಎಫ್‌ಎಕ್ಸ್3 ನಿಂತು 30 ವರ್ಷ ಕಳೆದಿದೆ. ಬಿಟ್ಟುಬಂದದ್ದು ಮತ್ತೆ ಸುಲಭವಾಗಿ ಸಿಗುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಹಾಸನ ಮೂಲದ ಓದುಗ, ಡೆಟ್ರಾಯಿಟ್ ಸಮೀಪ, ಮಿಷಿಗನ್